ಕೊಳಗದ ಅಳತೆ: ಮಲೆನಾಡಿನ ಊರ ರಂಗಭೂಮಿ ಮತ್ತು ದುಡಿದವರ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ನೆಲಕ್ಕೆ ಬರೆದಿಟ್ಟ ಚರಿತ್ರೆಯ ಬಡತನವಿಲ್ಲ. ಕೆಳದಿ ಮತ್ತು ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಹೊಸನಗರದಲ್ಲಿಯೂ, ಕವಲೇದುರ್ಗ ತೀರ್ಥಹಳ್ಳಿಯಲ್ಲಿಯೂ ಇರುವುದರಿಂದ ಕೆಳದಿ ಸಂಸ್ಥಾನದ ಕುರುಹುಗಳು ಮೂರೂ ಕಡೆ ಹಂಚಿಕೊಂಡಿವೆ. ಆ ಅರಸರ ವೃತ್ತಾಂತವನ್ನು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಹೇಳುತ್ತದೆ. ಅದೇ ವಂಶದ ಬಸವಪ್ಪ ನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಬೃಹದ್ಗ್ರಂಥವನ್ನೇ ಸಂಸ್ಕೃತದಲ್ಲಿ ರಚಿಸಿದನು. ಶಿವಪ್ಪ ನಾಯಕನು (೧೬೪೫–೧೬೬೦) ಭೂಮಿಯನ್ನು ಅಳೆಯಿಸಿ ಕಂದಾಯ ಗೊತ್ತುಪಡಿಸಿದ ಕ್ರಮವು ‘ಶಿವಪ್ಪ ನಾಯಕನ ಶಿಸ್ತು’ ಎಂದು ಇಂದಿಗೂ ಜನರ ಬಾಯಲ್ಲಿದೆ. ಅಳೆಯಿಸಿದವನ ಹೆಸರು ಹೀಗೆ ಉಳಿಯಿತು. ಅಳೆದ ಗದ್ದೆಯಲ್ಲಿ ಕೆಸರು ತುಳಿದವರ ಹೆಸರನ್ನು ಯಾವ ಕಾವ್ಯವೂ ಹೇಳಲಿಲ್ಲ.

ಕಾವ್ಯ ಹೇಳಲಿಲ್ಲವೆಂದ ಮಾತ್ರಕ್ಕೆ ಅವರಿಗೆ ಚರಿತ್ರೆಯೇ ಇರಲಿಲ್ಲವೆಂದಲ್ಲ. ಅದು ಅಜ್ಜ ಅಜ್ಜಿಯರ ನೆನಪಿನಲ್ಲಿ, ನ್ಯಾಯಾಲಯದ ಕಾಗದಗಳಲ್ಲಿ, ದೀಪಾವಳಿಯ ಇರುಳಿನಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯವರ ಹಾಡಿನಲ್ಲಿ ಚದುರಿ ಬಿದ್ದಿದೆ. ಹೀಗೆ ಚದುರಿದುದನ್ನು ಒಂದೆಡೆ ಕೂಡಿಸಿ, ಊರ ಜನರ ಮುಂದೆ ಊರ ಜನರಿಂದಲೇ ಹೇಳಿಸಬಲ್ಲ ಕಲೆ ನಾಟಕವೊಂದೇ ಎಂದರೆ ಅತಿಶಯೋಕ್ತಿಯಾಗದು. ಓದು ಬಾರದವನಿಗೂ ಅದು ತಿಳಿಯುತ್ತದೆ. ಒಬ್ಬೊಬ್ಬರ ಮನಸ್ಸಿನಲ್ಲಿ ಮುಚ್ಚಿಹೋಗಿದ್ದುದನ್ನು ಹತ್ತು ಜನರೆದುರು ಬಯಲಿಗೆ ತರುತ್ತದೆ. ಆದರೆ ದುಡಿದವರ ಚರಿತ್ರೆಯನ್ನು ಆಧರಿಸಿದ ನಾಟಕದ ಗುಣಾವಗುಣಗಳನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು? ಬಡವರ ಮೇಲಿನ ಕನಿಕರ ಸಾಕೆ? ನಾಯಕರ ಗುಣಗಾನ ಸಾಕೆ? ಈ ಪ್ರಶ್ನೆಗೆ ಆ ಸೀಮೆಯ ಒಂದು ಘಟನೆಯೇ ಉತ್ತರವನ್ನು ಸೂಚಿಸುತ್ತದೆ.

ಆ ಘಟನೆ ೧೯೫೧ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಗೇಣಿದಾರರು ಒಡೆಯರಿಗೆ ಗೇಣಿಯನ್ನು ಬತ್ತದ ರೂಪದಲ್ಲಿ ಅಳೆದುಕೊಡುತ್ತಿದ್ದರು. ಅಳೆಯುವ ಸಾಧನ ಕೊಳಗ. ಗೇಣಿ ಪಡೆಯುವಾಗ ಬಳಸುವ ಕೊಳಗವು ನ್ಯಾಯವಾಗಿ ಇರಬೇಕಾದುದಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರು. ಕೊಳಗಗಳ ಎಣಿಕೆ ಕರಾರಿನಂತೆಯೇ ಇರುತ್ತಿತ್ತು. ಬತ್ತ ಮಾತ್ರ ಹೆಚ್ಚು ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ರೈತ ಸಂಘದಲ್ಲಿ ಒಗ್ಗೂಡಿಸಿದರು. ಸರಿಯಾದ ಅಳತೆ, ಕೊಟ್ಟ ಗೇಣಿಗೆ ರಸೀದಿ, ಬಿಟ್ಟಿ ದುಡಿಮೆಯಿಂದ ಬಿಡುಗಡೆ, ಇಂತಹ ಬೇಡಿಕೆಗಳು ಮುಂದೆ ಬಂದವು. ಒಡೆಯರು ಭೂಮಿಯನ್ನೇ ಬಿಡಿಸಿಕೊಳ್ಳಲು ಹೊರಟಾಗ, ೧೯೫೧ರ ಏಪ್ರಿಲ್ ತಿಂಗಳಿನಲ್ಲಿ ಗೇಣಿದಾರರು ನೊಗ ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೆ ಒಳಗಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯಲ್ಲಿ ಹುಟ್ಟಿದ ಗೋಪಾಲಗೌಡರು (೧೯೨೩–೧೯೭೨) ಈ ಹೋರಾಟದಲ್ಲಿ ಮುಂದಾಳಾಗಿದ್ದು, ೧೯೫೨ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದಲೂ, ಅನಂತರ ೧೯೬೨ ಮತ್ತು ೧೯೬೭ರಲ್ಲಿ ತೀರ್ಥಹಳ್ಳಿಯಿಂದಲೂ ಶಾಸನಸಭೆಗೆ ಆಯ್ಕೆಯಾದರು. ಹೀಗೆ ಈ ಪ್ರಕರಣ ಮೂರು ತಾಲ್ಲೂಕುಗಳ ಸಾರ್ವಜನಿಕ ಜೀವನವನ್ನೂ ಹೆಣೆದಿದೆ.

ನಾಟಕಕಾರನ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಯಾವುದು? ಲೋಹಿಯಾ ಅವರ ಬಂಧನವೆ? ಗೋಪಾಲಗೌಡರ ಭಾಷಣವೆ? ಇವು ಸುಲಭವಾಗಿ ಕಣ್ಣಿಗೆ ಬೀಳುವ ದೃಶ್ಯಗಳು; ಪ್ರೇಕ್ಷಕರು ಚಪ್ಪಾಳೆ ತಟ್ಟುವ ಸ್ಥಳಗಳು. ಆದರೆ ಲೋಹಿಯಾ ಅವರು ಆ ಊರಿನಲ್ಲಿದ್ದುದು ಅತ್ಯಲ್ಪ ಕಾಲ. ಕೊಳಗವಾದರೋ ತಲೆಮಾರುಗಳಿಂದ ಕಣದಲ್ಲಿಯೇ ಇದ್ದಿತು. ಒಂದು ಮರದ ಪಾತ್ರೆ. ಅದನ್ನು ತುಂಬುವವನು ಒಬ್ಬ, ಎಣಿಸುವವನು ಇನ್ನೊಬ್ಬ, ನೋಡುತ್ತ ಸುಮ್ಮನೆ ನಿಂತವನು ಬೆಳೆದವನು. ಎಣಿಕೆ ಸರಿಯಿದೆಯೆಂದು ಅವನ ಕಿವಿ ಹೇಳುತ್ತದೆ. ರಾಶಿ ಕರಗುತ್ತಿದೆಯೆಂದು ಅವನ ಕಣ್ಣು ಹೇಳುತ್ತದೆ. ಈ ಎರಡರ ನಡುವೆ ಸಿಕ್ಕಿದವನ ಮೌನವೇ ನಾಟಕದ ಬೀಜ. ಅವನು ಬಾಯಿ ತೆರೆದು “ಇನ್ನೊಂದು ಕೊಳಗ ತರಿಸಿ ಅಳೆಯಿರಿ” ಎಂದ ಕ್ಷಣವೇ ಅದರ ಮೊಳಕೆ. ಅನ್ಯಾಯವು ಇಲ್ಲಿ ಕ್ರೂರ ಮುಖದ ಖಳನ ರೂಪದಲ್ಲಿ ಬರುವುದಿಲ್ಲ. ವಾಡಿಕೆಯ ರೂಪದಲ್ಲಿ, ಎಲ್ಲರೂ ಒಪ್ಪಿಕೊಂಡ ಒಂದು ಪಾತ್ರೆಯ ರೂಪದಲ್ಲಿ ಬರುತ್ತದೆ. ಅದನ್ನು ತೋರಿಸಬಲ್ಲ ನಾಟಕವೇ ದುಡಿದವರ ಚರಿತ್ರೆಯ ನಾಟಕ. ಅದನ್ನು ಬಿಟ್ಟರೆ ಉಳಿಯುವುದು ನಾಯಕಸ್ತುತಿ, ಇಲ್ಲವೆ ಗೋಳು.

ಈ ಮಾತನ್ನು ಒತ್ತಿ ಹೇಳಲು ಕಾರಣವುಂಟು. ಚಾರಿತ್ರಿಕ ವಸ್ತುವಿನ ನಾಟಕಗಳಲ್ಲಿ ಪದೇ ಪದೇ ಕಾಣುವ ದೋಷಗಳು ಮೂರು. ದುಡಿಯುವವರನ್ನು ಗುಂಪಾಗಿ ನಿಲ್ಲಿಸಿ ಘೋಷಣೆ ಹೇಳಿಸಿ, ಮಾತೆಲ್ಲವನ್ನೂ ಮುಂದಾಳಿಗೆ ಕೊಡುವುದು ಮೊದಲನೆಯದು. ದುಡಿಮೆಯನ್ನು ಬರಿಯ ಕಷ್ಟವೆಂದು ಬಗೆದು, ಅದರಲ್ಲಿರುವ ಜಾಣ್ಮೆ, ಕೌಶಲ, ಹೆಮ್ಮೆಗಳನ್ನು ಮರೆಯುವುದು ಎರಡನೆಯದು. ಒಡೆಯನನ್ನು ಮೀಸೆ ತಿರುವುವ ರಾಕ್ಷಸನನ್ನಾಗಿ ಮಾಡಿ, ಅವನ ವಂಶದವರು ನಾಟಕ ನೋಡಿಯೂ ‘ನಾವು ಇವನಂತಿರಲಿಲ್ಲ’ ಎಂದು ಸಮಾಧಾನಪಟ್ಟು ಎದ್ದುಹೋಗಲು ಎಡೆಮಾಡಿಕೊಡುವುದು ಮೂರನೆಯದು. ಮೂರನೆಯದು ಮೇಲುನೋಟಕ್ಕೆ ಅತ್ಯಂತ ಧೈರ್ಯದ ಬರವಣಿಗೆಯಂತೆ ತೋರುತ್ತದೆ. ವಾಸ್ತವವಾಗಿ ಅದೇ ಅತ್ಯಂತ ಸುಲಭದ್ದು. ರಾಕ್ಷಸನನ್ನು ಯಾರೂ ತಮ್ಮವನೆನ್ನುವುದಿಲ್ಲ. ಕೊಳಗವನ್ನು ತಮ್ಮ ಮನೆಯ ಅಟ್ಟದ ಮೇಲೆ ಕಂಡವರು ಮಾತ್ರ ಹಲವರಿರುತ್ತಾರೆ.

ಇನ್ನು ಈ ಸೀಮೆಯ ರಂಗಭೂಮಿಯ ಸ್ಥಿತಿಯನ್ನು ಪರಿಶೀಲಿಸಬಹುದು. ಕಾಗೋಡಿನ ಸತ್ಯಾಗ್ರಹಕ್ಕೆ ಎರಡು ವರ್ಷ ಮೊದಲು, ಅದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ೧೯೪೯ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ಮುಂದೆ ‘ನೀನಾಸಂ’ ಎಂದು ಪ್ರಸಿದ್ಧವಾಯಿತು. ಅಡಿಕೆ ತೋಟಗಳ ನಡುವಿನ ಚಿಕ್ಕ ಊರಿನಲ್ಲಿ ಕೆ.ವಿ. ಸುಬ್ಬಣ್ಣನವರು (೧೯೩೨–೨೦೦೫) ಮತ್ತು ಅವರ ಗೆಳೆಯರು ಕಟ್ಟಿದ ಈ ಸಂಸ್ಥೆ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, ೧೯೮೫ರಲ್ಲಿ ನಾಡಿನುದ್ದಕ್ಕೂ ಸಂಚರಿಸುವ ‘ತಿರುಗಾಟ’ವನ್ನೂ ಆರಂಭಿಸಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಕಾಳಿದಾಸ, ಷೇಕ್ಸ್‌ಪಿಯರ್, ಬ್ರೆಖ್ಟ್ ಇವರ ಕೃತಿಗಳನ್ನು ಅಡಿಕೆ ಬೆಳೆಗಾರರೂ ಕೂಲಿಕಾರರೂ ಅಂಗಡಿಯವರೂ ಒಂದೇ ರಂಗಮಂದಿರದಲ್ಲಿ ಕುಳಿತು ನೋಡುವಂತಾದುದು ಸಾಮಾನ್ಯ ಸಾಧನೆಯಲ್ಲ.

ಲೋಕದ ನಾಟಕಗಳೆಲ್ಲ ಹಳ್ಳಿಗೆ ಬಂದವು, ಹಳ್ಳಿಯ ನಾಟಕ ಎಲ್ಲಿ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಆಕ್ಷೇಪ ಪೂರ್ತಿ ನ್ಯಾಯವಾದುದಲ್ಲ. ಹಳ್ಳಿಯವನಿಗೆ ಹಳ್ಳಿಯ ಕಥೆಯೇ ಸಾಕೆಂಬುದು ಒಂದು ಬಗೆಯ ತಾತ್ಸಾರ. ಲೋಕದ ಶ್ರೇಷ್ಠವಾದುದರ ಮೇಲೆ ಅವನಿಗೂ ಹಕ್ಕಿದೆ. ಅಲ್ಲದೆ ಬ್ರೆಖ್ಟನ ನಾಟಕ ನೋಡಿದ ಪ್ರೇಕ್ಷಕನು ಒಂದು ವಿಷಯವನ್ನು ಖಂಡಿತ ಕಲಿಯುತ್ತಾನೆ: ರಂಗದ ಮೇಲೆ ನಡೆಯುವುದನ್ನು ಕಂಡು ಕಣ್ಣೀರಿಡುವುದಷ್ಟೇ ಅಲ್ಲ, ಅದು ಹೀಗೇಕೆ ನಡೆಯಿತೆಂದು ಕೇಳಬೇಕು. ಕೊಳಗದ ನಾಟಕಕ್ಕೆ ಬೇಕಾದುದು ಇಂತಹ ಪ್ರೇಕ್ಷಕನೇ. ಆದ್ದರಿಂದ ಹೆಗ್ಗೋಡಿನ ಪರಂಪರೆಯನ್ನು ದುಡಿದವರ ಚರಿತ್ರೆಗೆ ವಿರೋಧಿಯೆಂದು ತಿಳಿಯದೆ ಅದಕ್ಕೆ ಹದಮಾಡಿದ ನೆಲವೆಂದು ತಿಳಿಯುವುದು ಯುಕ್ತ. ಜಿ. ರಾಜಶೇಖರ ಅವರು ಕಾಗೋಡು ಸತ್ಯಾಗ್ರಹವನ್ನು ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ನೆಲ ಹದವಾಗಿದೆ, ಬೀಜವೂ ಇದೆ. ಬಿತ್ತನೆಯ ಕೆಲಸ ಒಂದು ಸಲ ಮಾಡಿ ಮುಗಿಸುವಂಥದಲ್ಲ. ಪ್ರತಿ ತಲೆಮಾರಿನಲ್ಲಿಯೂ ಮತ್ತೆ ಮಾಡಬೇಕಾದುದು.

ನೀನಾಸಂ ತನ್ನ ‘ಜನಸ್ಪಂದನ’ ಯೋಜನೆಯ ಮೂಲಕ ೧೯೮೦ರ ದಶಕದಲ್ಲಿ ಹಳ್ಳಿಗಳಿಗೆ ಹೋಗಿ ಅಲ್ಲಿಯ ಜನರಿಂದಲೇ ನಾಟಕ ಮಾಡಿಸಿದುದು ಈ ದೃಷ್ಟಿಯಿಂದ ಗಮನಾರ್ಹ. ಉತ್ತರ ಕನ್ನಡದ ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಜನಾಂಗದವರನ್ನು ಕೂಡಿಸಿ, ಚಿನುವ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪವನ್ನು ಆಡಿಸಿದರು. ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಗಳು ಕಾಡಿನಲ್ಲಿಯೂ ಇತರರ ತೋಟ ಗದ್ದೆಗಳಲ್ಲಿಯೂ ದುಡಿದು ಬಾಳಿದವರು. ಅವರು ಆಫ್ರಿಕದ ಒಂದು ಊರು ಒಡೆದುಹೋದ ಕಥೆಯನ್ನು ಕನ್ನಡದಲ್ಲಿ ಆಡಿದಾಗ, ಬೇರೊಬ್ಬರ ಕಥೆಯ ಮೂಲಕ ತಮ್ಮದನ್ನೇ ಹೇಳಿಕೊಂಡಂತಾಯಿತು. ತಮ್ಮ ನೋವನ್ನು ನೇರವಾಗಿ ಹೇಳಿಕೊಳ್ಳಲು ಸಂಕೋಚಪಡುವ ಸಮುದಾಯಕ್ಕೆ ದೂರದ ಕಥೆ ಕೆಲವೊಮ್ಮೆ ಮರೆಯನ್ನೂ ಮಾತನ್ನೂ ಒಟ್ಟಿಗೆ ಒದಗಿಸುತ್ತದೆ. ಅದು ಒಂದು ದಾರಿ. ಆದರೆ ಅದರಲ್ಲಿ ಸ್ಥಳೀಯವಾದ ಅಳತೆ, ಕೂಲಿ, ಸಾಲ, ಒಡೆಯನ ಮನೆಯ ಹೆಸರು ಇವು ಬರಲಾರವು. ಮರೆ ದೊರೆತಷ್ಟೂ ಬಯಲು ಕಡಿಮೆಯಾಗುತ್ತದೆ.

ಇನ್ನೊಂದು ದಾರಿಯನ್ನು ತೋರಿಸಿದುದು ತೀರ್ಥಹಳ್ಳಿ ಸೀಮೆಯ ಮಹಾಕಾದಂಬರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕೃತಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗಕ್ಕೆ ಅಳವಡಿಸಿ, ಸಿ. ಬಸವಲಿಂಗಯ್ಯನವರು ೨೦೧೦ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇರುಳಿಡೀ ಸುಮಾರು ಒಂಬತ್ತು ಗಂಟೆಗಳ ಕಾಲ ಆಡಿಸಿದರು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಎದ್ದು ಇನ್ನೊಂದಕ್ಕೆ ನಡೆಯಬೇಕಾಗಿದ್ದಿತು. ಜೀತದ ಆಳಾದ ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದೊಯ್ಯುವುದು ಆ ಕಥೆಯಲ್ಲಿ ಕೇವಲ ಪ್ರೇಮಪ್ರಸಂಗವಲ್ಲ. ಒಬ್ಬ ಒಡೆಯನ ಆಳು ಇನ್ನೊಬ್ಬನ ಪಾಲಾಗುವ ಲೆಕ್ಕಾಚಾರವೂ ಅದರಲ್ಲಿದೆ. ಗುತ್ತಿ, ತಿಮ್ಮಿ, ನಾಯಿ ಹುಲಿಯ ಇವರನ್ನು ಗೌಡರ ಹೆಗ್ಗಡೆಗಳ ಸರಿಸಮಕ್ಕೆ ನಿಲ್ಲಿಸಿದುದು ಕಾದಂಬರಿಯ ಮಹತ್ತು. ನಡೆದು ದಣಿಯುವವರ ಕಥೆಯನ್ನು ನಡೆದು ನೋಡುವಂತೆ ಮಾಡಿದುದು ಪ್ರಯೋಗದ ಮಹತ್ತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಗರದ ಸಹೃದಯನು ಗುತ್ತಿಯನ್ನು ಕಂಡು ಬೆರಗಾಗುತ್ತಾನೆ. ಗುತ್ತಿಯ ಮೊಮ್ಮಗನೂ ಹೆಗ್ಗಡೆಯ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕುಳಿತು ಅದನ್ನು ಕಂಡಾಗ ಆಗುವುದು ಬೆರಗಲ್ಲ, ಬೇರೆಯೇ ಒಂದು ಅನುಭವ. ಕಲೆಯಾಗಿ ಮೊದಲನೆಯದು ಕಡಿಮೆಯೇನಲ್ಲ. ಊರ ರಂಗಭೂಮಿಯ ಧರ್ಮ ಮಾತ್ರ ಎರಡನೆಯದರಲ್ಲಿದೆ.

ಇಂತಹ ನಾಟಕಕ್ಕೆ ಮಾತು ಎಲ್ಲಿಂದ ಬರಬೇಕು? ಈ ವಿಷಯದಲ್ಲಿ ಹೊರನಾಡಿನ ಒಂದು ನಿದರ್ಶನ ಉಪಯುಕ್ತವಾದೀತು. ಇಂಗ್ಲೆಂಡಿನಲ್ಲಿ ಮಣ್ಣಿನ ಪಾತ್ರೆಗಳ ತಯಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ನಗರದ ವಿಕ್ಟೋರಿಯಾ ರಂಗಮಂದಿರದಲ್ಲಿ ಪೀಟರ್ ಚೀಸ್‌ಮನ್ ಎಂಬ ನಿರ್ದೇಶಕನು ಆ ಊರಿನ ದುಡಿಮೆಗಾರರ ಚರಿತ್ರೆಯನ್ನೇ ನಾಟಕಗಳಾಗಿ ಕಟ್ಟಿದನು. ೧೯೬೬ರ ‘ದಿ ನಾಟಿ’ ಅಲ್ಲಿಯ ರೈಲುಮಾರ್ಗದ ಕಥೆ. ೧೯೭೪ರ ಇನ್ನೊಂದು ನಾಟಕ, ಮುಚ್ಚುವ ಭೀತಿಯಲ್ಲಿದ್ದ ಶೆಲ್ಟನ್ ಉಕ್ಕಿನ ಕಾರ್ಖಾನೆಯದು. ಅವನು ತನಗೆ ತಾನೇ ಹಾಕಿಕೊಂಡ ಕಟ್ಟಳೆ ಕಠಿಣವಾದುದು: ನಟರು ಆಡುವ ಮಾತು ದಾಖಲೆಗಳಿಂದಲೋ ಜನರ ಬಾಯಿಂದ ಧ್ವನಿಮುದ್ರಿಸಿಕೊಂಡುದರಿಂದಲೋ ಬರಬೇಕು, ಲೇಖಕನು ತಾನಾಗಿ ಹುಟ್ಟಿಸಬಾರದು. ಕನ್ನಡದಲ್ಲಿ ಅಷ್ಟು ಕಟ್ಟುನಿಟ್ಟು ಬೇಡವೆನ್ನಬಹುದು. ಆದರೆ ಅದರ ಹಿಂದಿನ ವಿನಯ ಅನುಕರಣೀಯ. ದೀವರ ಮನೆಯ ಮುದುಕಿಯೊಬ್ಬಳು ಗೇಣಿಯ ದಿನಗಳನ್ನು ನೆನೆದು ಆಡುವ ಮಾತಿನ ಲಯವನ್ನು ಯಾವ ಪಂಡಿತನ ಲೇಖನಿಯೂ ಕಲ್ಪಿಸಿ ತರಲಾರದು. ೧೯೫೧ರಲ್ಲಿ ಯುವಕರಾಗಿದ್ದವರು ಈಗ ಬಹುಮಟ್ಟಿಗೆ ಇಲ್ಲ. ಅವರ ಮಕ್ಕಳು ಇದ್ದಾರೆ, ಅವರೂ ವೃದ್ಧರಾಗುತ್ತಿದ್ದಾರೆ.

ಕೆಲವು ಚರಿತ್ರೆಗಳಿಗೆ ಊರೇ ಉಳಿದಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಗದ್ದೆ ಉಳುತ್ತಿದ್ದವರು, ತೋಟದ ಆಳುಗಳು, ಕುಂಬಾರರು, ಕಮ್ಮಾರರು ದಿಕ್ಕಿಗೊಬ್ಬರಾದರು. ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು ಇದನ್ನು ಕಣ್ಣಾರೆ ಕಂಡ ನಾ. ಡಿಸೋಜ (೧೯೩೭–೨೦೨೫) ಅವರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಆ ಸಂಕಟವನ್ನು ದಾಖಲಿಸಿದರು. ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು ೨೦೦೨ರಲ್ಲಿ ಚಲನಚಿತ್ರವಾಗಿಸಿದರು. ನಾಟಕಕ್ಕೆ ಇಲ್ಲೊಂದು ವಿಶೇಷ ತೊಡಕು: ಪ್ರೇಕ್ಷಕರನ್ನು ಕೂಡಿಸಲು ಬೇಕಾದ ಊರೇ ನೀರಿನಡಿಯಿದೆ. ಆದ್ದರಿಂದ ಅಂತಹ ನಾಟಕವು ಸಂತ್ರಸ್ತರು ನೆಲಸಿದ ಊರಿಂದೂರಿಗೆ, ಅಂಟಿಗೆ ಪಂಟಿಗೆಯ ದೀಪದಂತೆ, ತಾನೇ ನಡೆದುಹೋಗಬೇಕು. ಊರು ಕಳೆದುಕೊಂಡವರಿಗೆ ಒಂದು ಇರುಳಿನ ಮಟ್ಟಿಗಾದರೂ ನಾಟಕವೇ ಊರಾಗಬಲ್ಲುದು.

ಚರಿತ್ರೆಯನ್ನು ಎಲ್ಲಿಗೆ ತಂದು ನಿಲ್ಲಿಸಬೇಕೆಂಬುದೂ ವಿಮರ್ಶೆಯ ಪ್ರಶ್ನೆಯೇ. ಕಾಗೋಡಿನ ಕಥೆಯನ್ನು ೧೯೭೪ರ ಭೂಸುಧಾರಣೆಗೆ ಮುಟ್ಟಿಸಿ, ಉಳುವವನೇ ಹೊಲದೊಡೆಯನಾದನೆಂದು ಮಂಗಳ ಹಾಡುವುದು ಸುಲಭ. ದೇವರಾಜ ಅರಸು ಅವರ ಕಾಲದ ಆ ಕಾನೂನು ಗೇಣಿದಾರರ ಬಾಳನ್ನು ಬದಲಿಸಿತೆಂಬುದು ನಿರ್ವಿವಾದ. ಆದರೆ ಗೇಣಿಯ ಕರಾರೇ ಇಲ್ಲದೆ ಬರಿಗೈಯಲ್ಲಿ ದುಡಿದವನಿಗೆ ಅದರಿಂದ ದೊರೆತುದು ಅತ್ಯಲ್ಪ. ನಿನ್ನೆಯ ಗೇಣಿದಾರನು ಇಂದಿನ ಒಡೆಯನಾಗಿ ಕೂಲಿಯಾಳನ್ನು ಕರೆಯುತ್ತಾನೆ. ಅಡಿಕೆ ಸುಲಿಯುವ ಯಂತ್ರಗಳು ಬರುವ ಮೊದಲು, ಸುಗ್ಗಿಯ ಇರುಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಹೆಂಗಸರಿಗೆ ಕೂಲಿ ಸಿಗುತ್ತಿದ್ದುದು ಸುಲಿದ ಅಡಿಕೆಯನ್ನು ಅಳೆದ ಮೇಲೆಯೇ. ಅಲ್ಲಿಯೂ ಒಂದು ಅಳತೆಯ ಪಾತ್ರೆ ಇದ್ದಿತು. ಅದನ್ನು ತುಂಬಿದವಳು ಒಬ್ಬಳು, ಎಣಿಸಿದವನು ಇನ್ನೊಬ್ಬ. ಕೊಳಗವು ಕೈ ಬದಲಾಯಿಸಿತೇ ಹೊರತು ಕಣ ಬಿಟ್ಟು ಹೋಗಲಿಲ್ಲ. ಈ ಕೊನೆಯ ದೃಶ್ಯವಿಲ್ಲದ ಕಾಗೋಡಿನ ನಾಟಕ ಅರ್ಧ ನಾಟಕ.

ಇಲ್ಲಿಯೇ ವೀರಶೈವ ವಾಚಕರು ತಮ್ಮನ್ನು ಕೇಳಿಕೊಳ್ಳಬೇಕಾದ ಮಾತೊಂದಿದೆ. ಆ ಸೀಮೆಯಲ್ಲಿ ಅಂದಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು; ಭೂಒಡೆಯರಲ್ಲಿ ಬ್ರಾಹ್ಮಣರೊಡನೆ ಲಿಂಗಾಯತರೂ ಇದ್ದರು. ಈ ಸತ್ಯವನ್ನು ಮರೆಮಾಚಿ ಕಾಗೋಡನ್ನು ಕುರಿತು ಮಾತನಾಡುವುದು ಸರಿಯಲ್ಲ. ಕಾಯಕದ ಹಿರಿಮೆಯನ್ನು ಸಾರಿದ ಪರಂಪರೆಯೊಂದರ ವಾರಸುದಾರರ ಮನೆಗಳಲ್ಲಿಯೂ ದೊಡ್ಡ ಕೊಳಗ ಇದ್ದಿತೆಂಬುದು ನೋಯಿಸುವ ಮಾತು. ನೋಯಿಸಲೆಂದಲ್ಲ, ಎಚ್ಚರಿಸಲೆಂದು ಅದನ್ನು ಹೇಳಬೇಕಾಗಿದೆ. ಶರಣರು ತಮ್ಮ ಹೆಸರುಗಳೊಡನೆ ಕಾಯಕವನ್ನೂ ಉಳಿಸಿ ಹೋದವರು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ ಎನ್ನುವಾಗ ನಾಲಗೆಯೇ ದುಡಿಮೆಯ ಚರಿತ್ರೆಯನ್ನು ಉಚ್ಚರಿಸುತ್ತದೆ. ಅದರಲ್ಲಿಯೂ ಆಯ್ದಕ್ಕಿ ಲಕ್ಕಮ್ಮನ ಕಥೆ ಸರ್ವವಿದಿತ. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಆ ತಾಯಿಯ ಮನಸ್ಸು ಯಾವ ಅಳತೆಯನ್ನು ಹಿಡಿದಿದ್ದಿತು? ನಾಲ್ಕು ಹಿಡಿ ಅಕ್ಕಿ ಹೆಚ್ಚಾಯಿತೆಂದು ಬೆದರಿದ ಲಕ್ಕಮ್ಮನನ್ನು ಒಂದು ಕಡೆಗೂ, ಹೆಚ್ಚು ಹಿಡಿಸುವ ಕೊಳಗವನ್ನು ಇನ್ನೊಂದು ಕಡೆಗೂ ಇಟ್ಟು ನೋಡಿದರೆ, ಕಾಗೋಡಿನ ಗೇಣಿದಾರರು ಕೇಳಿದುದು ಹೊಸ ಸಿದ್ಧಾಂತವೇನಲ್ಲವೆಂಬುದು ಮನದಟ್ಟಾಗುತ್ತದೆ. ಅವರು ಕೇಳಿದುದು ಲಕ್ಕಮ್ಮನ ಅಳತೆಯನ್ನೇ.

ಕುವೆಂಪು ಅವರು ೧೯೨೮ರಷ್ಟು ಹಿಂದೆಯೇ ‘ಜಲಗಾರ’ ನಾಟಕದಲ್ಲಿ, ದೇವಾಲಯಕ್ಕೆ ಹೋಗದೆ ಬೀದಿ ಗುಡಿಸುವವನ ಮುಂದೆ ಶಿವನನ್ನು ಜಗದ ಜಲಗಾರನಾಗಿ ನಿಲ್ಲಿಸಿದ್ದಾರೆ. ರಂಗಭೂಮಿಯು ಧರ್ಮಕ್ಕೆ ಹೊರಗಿನದೆಂಬ ಸಂಕೋಚವೂ ಈಗ ಮಠಗಳಲ್ಲಿ ಉಳಿದಿಲ್ಲ. ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ೧೯೯೭ರಲ್ಲಿ ‘ಶಿವಸಂಚಾರ’ವನ್ನು ಆರಂಭಿಸಿ, ಮಠದ ಆಶ್ರಯದಲ್ಲಿ ನಾಟಕವನ್ನು ನಾಡಿನ ಊರೂರಿಗೆ ಕಳುಹಿಸಿದರು. ಮಠದ ಅಂಗಳದಲ್ಲಿ ಶರಣರ ಚರಿತ್ರೆ ಆಡಬಹುದಾದರೆ, ಶರಣರು ಯಾವ ಕಾಯಕವನ್ನು ಎತ್ತಿಹಿಡಿದರೋ ಆ ಕಾಯಕ ಮಾಡಿದವರ ಈಚಿನ ಚರಿತ್ರೆಯೂ ಅಲ್ಲಿ ಆಡಬಹುದು. ಅಂತಹ ಪ್ರಯೋಗದಲ್ಲಿ ಗೇಣಿದಾರರ ಮೊಮ್ಮಕ್ಕಳು ಪಾತ್ರಧಾರಿಗಳಾಗಿ, ಒಡೆಯರ ಮೊಮ್ಮಕ್ಕಳೂ ಜೊತೆಗೂಡಿದರೆ ಅದಕ್ಕಿಂತ ಹೆಚ್ಚಿನ ಫಲ ಬೇರೆ ಬೇಕಿಲ್ಲ.

ಮಲೆನಾಡಿನಲ್ಲಿ ಬಯಲಾಟಕ್ಕೆ ಪ್ರತ್ಯೇಕ ಮಂದಿರ ಬೇಕಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯೇ ರಂಗಸ್ಥಳವಾಗುತ್ತಿದ್ದಿತು. ಬತ್ತ ಅಳೆದ ನೆಲವೂ ಆಟ ಆಡಿದ ನೆಲವೂ ಬೇರೆ ಬೇರೆಯಾಗಿರಲಿಲ್ಲ. ಅಲ್ಲಿ ಇರುಳೆಲ್ಲ ಅರಸರೂ ದೇವತೆಗಳೂ ಕುಣಿದರು. ಹಗಲಿನಲ್ಲಿ ಅದೇ ನೆಲದ ಮೇಲೆ ಬಗ್ಗಿ ದುಡಿದವನು ನೋಡುತ್ತ ಕುಳಿತಿದ್ದನು. ಅವನು ಎದ್ದು ರಂಗಕ್ಕೆ ಬಂದು ಕೊಳಗವನ್ನು ನಡುವೆ ಇಟ್ಟು ಮಾತನಾಡುವ ದಿನ, ಹಿಂದೆ ಅದನ್ನು ಹಿಡಿದಿದ್ದವರ ಮನೆಯವರು ಎದ್ದುಹೋಗದೆ ಕೊನೆಯವರೆಗೆ ಕುಳಿತು ಕೇಳಿದರೆ, ಆ ನಾಟಕ ಗೆದ್ದಂತೆ. ಊರ ರಂಗಭೂಮಿಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಸರಿಯಾದ ಕೊಳಗ ಇನ್ನೊಂದಿಲ್ಲ.